ಹದಿನಾರು ಹಲಗೆ ಮತ್ತು ಒಂದು ಗ್ರಾಫ್

ಒಂದು ಸೋಮವಾರ ಬೆಳಿಗ್ಗೆ ಹೊಲಿಗೆ ಕೋಣೆಯ ಎರಡೂ ಕಿಟಕಿಗಳಿಗೆ ಹಲಗೆ ಹೊಡೆದು ಮುಚ್ಚಲಾಯಿತು. ಕಿಟಕಿಗೆ ಎಂಟರಂತೆ ಒಟ್ಟು ಹದಿನಾರು ಹಲಗೆ. ಒಳಗೆ ಹನ್ನೊಂದು ಹೆಂಗಸರು ಕೆಲಸ ಮಾಡುತ್ತಿದ್ದರು. ಅವರನ್ನು ಯಾರೂ ಒಂದು ಮಾತು ಕೇಳಲಿಲ್ಲ.

ಕಿಟಕಿಗಳ ಎದುರಿನ ಗೋಡೆಗೆ ಯಜಮಾನರು ನಾಲ್ಕು ದೊಡ್ಡ ಪರದೆ ಹಾಕಿಸಿದ್ದರು. ನಾಲ್ಕರಲ್ಲೂ ಷೇರುಪೇಟೆಯ ಗ್ರಾಫುಗಳು. ಬಿಸಿಲು ಬಿದ್ದರೆ ಗೆರೆ ಕಾಣುವುದಿಲ್ಲ, ಆದ್ದರಿಂದ ಬಿಸಿಲು ಬೇಡ. ಪರದೆಗಳನ್ನು ತಮ್ಮ ಕೋಣೆಯಲ್ಲೇ ಹಾಕಿಸಿಕೊಳ್ಳಬಹುದಿತ್ತಲ್ಲ? ಅಲ್ಲಿ ಕುಳಿತರೆ ಷೇರನ್ನು ಮಾತ್ರ ಕಾಯಬಹುದು. ಇಲ್ಲಿ ಕುಳಿತರೆ ಇರುವ ಒಂದು ಜೊತೆ ಕಣ್ಣಿನಲ್ಲೇ ಷೇರನ್ನೂ ಕಾಯಬಹುದು, ಹೆಂಗಸರನ್ನೂ ಕಾಯಬಹುದು.

ಗಾಳಿ ಹೋದದ್ದು ಎಲ್ಲರ ಪಾಲಿಗೆ. ಬೆಳಕು ಹೋದದ್ದು ಮುಖ್ಯವಾಗಿ ಕಾಜದಜ್ಜಿಯ ಪಾಲಿಗೆ. ಶರಟಿನ ಗುಂಡಿ ತೂರುವ ಕಿಂಡಿಗೆ ಕೈಯಲ್ಲೇ ಕಾಜ ಹೊಲಿಯುವುದು ಆಕೆಯ ಕೆಲಸ. ಮೂವತ್ತೊಂದು ವರ್ಷದಿಂದ ಸೂಜಿಯನ್ನು ಕಿಟಕಿಯ ಕಡೆಗೆ ಎತ್ತಿ, ಒಂದು ಕಣ್ಣು ಮುಚ್ಚಿ, ಒಂದೇ ಸಲಕ್ಕೆ ದಾರ ಪೋಣಿಸಿದವಳು. ಈಗ ಟ್ಯೂಬ್‌ಲೈಟಿನ ಕೆಳಗೆ ದಾರದ ತುದಿಯನ್ನು ಎಂಜಲು ಮಾಡಿ ಮಾಡಿ, ಸೂಜಿಯ ಅಕ್ಕಪಕ್ಕದ ಗಾಳಿಗೆಲ್ಲ ಪೋಣಿಸುತ್ತಿದ್ದಳು. ಎರಡನೇ ವಾರ ನಲವತ್ತು ಕಪ್ಪು ಶರಟುಗಳಿಗೆ ಕಡುನೀಲಿ ದಾರದಲ್ಲಿ ಕಾಜ ಹೊಲಿದು, ನಲವತ್ತನ್ನೂ ಬಿಚ್ಚಿದಳು.

"ಇನ್ನೊಂದು ಸಲ ಹೀಗಾದ್ರೆ ಅಜ್ಜಿ, ಮನೇಲಿ ಮೊಮ್ಮಕ್ಕಳನ್ನ ಆಡಿಸ್ಕೊಂಡು ಇದ್ದುಬಿಡಿ" ಎಂದರು ಯಜಮಾನರು.

"ನನಗೆ ಮಕ್ಕಳೇ ಇಲ್ಲ ಸರ್."

ಅಷ್ಟರಲ್ಲಿ ಅವರು ಪರದೆಯ ಕಡೆ ತಿರುಗಿಯಾಗಿತ್ತು.

ಷೇರಿನಲ್ಲಿ ಯಜಮಾನರಿಗೆ ಗುರುವೆಂದರೆ ಅವರ ಹೆಂಡತಿಯ ತಮ್ಮ. ಹೆಸರಿಗೆ ಸೂಪರ್‌ವೈಸರ್, ಇಡೀ ದಿನ ಫೋನಿನಲ್ಲಿ ಷೇರು ಪಾಠ ನೋಡುತ್ತಿದ್ದುದರಿಂದ ಹೆಂಗಸರು ಇಟ್ಟ ಹೆಸರು ವೀಡಿಯೊ. ಗ್ರಾಫಿನ ಗೆರೆ ಯಾವ ಆಕಾರಕ್ಕೆ ಬಂದರೆ ರೇಟು ಏರುತ್ತದೆ, ಯಾವ ಆಕಾರಕ್ಕೆ ಬಂದರೆ ಬೀಳುತ್ತದೆ ಎಂಬುದು ಅವನ ಬಾಯಲ್ಲೇ ಇತ್ತು.

"ಭಾವ, ಇಲ್ಲಿ ನೋಡಿ. ನಡುವೆ ತಲೆ, ಆ ಕಡೆ ಈ ಕಡೆ ಹೆಗಲು. ಈ ಆಕಾರ ಬಂತು ಅಂದ್ರೆ ಬಿದ್ದೇ ಬೀಳುತ್ತೆ. ಇವತ್ತೇ ಮಾರಿಬಿಡಿ."

ಪರದೆಯ ಕೆಳಗೇ ಇತ್ತು ಕಟಿಂಗ್ ಮೇಜು. ಅಲ್ಲಿ ಎಂಟು ಪದರ ಬಟ್ಟೆ ಹಾಸಿ ಕತ್ತರಿ ಓಡಿಸುತ್ತಿದ್ದವಳು ಮಾಸ್ಟರಕ್ಕ. ಕಟಿಂಗ್ ಮಾಸ್ಟರ್ ಎಂದರೆ ಗಂಡಸೇ ಇರಬೇಕು ಎಂದವರ ಶರಟನ್ನೂ ಕತ್ತರಿಸಿ ಕೊಟ್ಟವಳು. ತಲೆ ಎತ್ತಿ ನೋಡಿದಳು. ಕತ್ತರಿ ನಿಂತಿತು.

"ಇದಾ ಹೆಗಲು?"

"ಏನಮ್ಮ?" ಎಂದರು ಯಜಮಾನರು.

"ಎಡಗಡೆದು ಒಂದಿಂಚು ಇಳಿದಿದೆ ಸರ್. ಕುತ್ತಿಗೆ ಅಂತೂ ಇಲ್ವೇ ಇಲ್ಲ. ಇಂಥ ಮನುಷ್ಯ ನಮ್ಮ ಹತ್ರ ಬಂದ್ರೆ, ಅಳತೆ ತಗೊಳ್ಳೋಕೆ ಮುಂಚೆ ನಾನು ಡಾಕ್ಟರ್ ಹತ್ರ ಕಳಿಸ್ತೀನಿ."

ಮೆಷಿನ್‌ಗಳೆಲ್ಲ ಒಟ್ಟಿಗೆ ನಿಂತವು. ಇಸ್ತ್ರಿಯವಳು ನಗು ತಡೆಯಲಾರದೆ ಬಿಸಿ ಪೆಟ್ಟಿಗೆಯನ್ನು ಗಾಳಿಯಲ್ಲೇ ಹಿಡಿದುಕೊಂಡಳು.

"ನಿನಗೇನು ಗೊತ್ತು ಇದೆಲ್ಲ?" ಎಂದ ವೀಡಿಯೊ.

"ಷೇರು ಗೊತ್ತಿಲ್ಲಪ್ಪ. ಹೆಗಲು ಗೊತ್ತು. ಇದು ಹೆಗಲೇ ಅಲ್ಲ, ಬೀಳಲ್ಲ ಬಿಡಿ."

ಅದು ಪೈಪು ಮಾಡುವ ಕಂಪನಿಯ ಷೇರು. ಯಜಮಾನರು ಮಾರಲೋ ಬೇಡವೋ ಎಂದು ತೊಡೆ ತುರಿಸಿಕೊಳ್ಳುತ್ತ ಕುಳಿತಿದ್ದಾಗ, ಮಧ್ಯಾಹ್ನದ ಊಟದ ಹೊತ್ತಿಗೆ ಅದು ಸರ್ರನೆ ಮೇಲಕ್ಕೆದ್ದಿತು. ಅವರು ಭಾವಮೈದನನ್ನು ನೋಡಿದರು. ಆಮೇಲೆ ಮಾಸ್ಟರಕ್ಕನನ್ನು ನೋಡಿದರು. ಹಾಗೆ ಅವರು ಆಕೆಯನ್ನು ಈವರೆಗೆ ನೋಡಿರಲಿಲ್ಲ. ಅದು ಬಿಸ್ಕತ್ತಿನ ಡಬ್ಬಿಯನ್ನು ನೋಡುವ ನೋಟ.

ಮರುದಿನ ಕುರ್ಚಿ ಎಳೆದು ಕೂರಿಸಿದರು. "ನೋಡಮ್ಮ, ದಿನಾ ಒಂದು ಗ್ರಾಫ್ ಅಳತೆ ಮಾಡಿ ಹೇಳು. ಏರುತ್ತಾ, ಬೀಳುತ್ತಾ, ಅಷ್ಟೇ. ಏನು ಬೇಕು ಕೇಳು."

"ಹಲಗೆ ಬೇಕು ಸರ್."

"ಹಲಗೆನಾ?"

"ನಾನು ಹೇಳಿದ್ದು ಒಂದು ಸರಿಹೋದ್ರೆ ಕಿಟಕೀದು ಒಂದು ಹಲಗೆ ಕೀಳ್ಬೇಕು. ಕಿತ್ತಿದ್ದು ನಮ್ಮದು, ಮತ್ತೆ ಕೇಳಂಗಿಲ್ಲ."

"ತಪ್ಪಿದ್ರೆ?"

"ಅವತ್ತು ಊಟಕ್ಕೆ ಏಳಲ್ಲ. ಕತ್ತರಿಸ್ತಾ ಇರ್ತೀನಿ."

ಯಜಮಾನರು ನಕ್ಕರು. ಮರದ ತುಂಡಿಗೆ ಹಣ ಹುಟ್ಟುವ ಗುಟ್ಟು ಸಿಗುವುದಾದರೆ ಯಾರು ಬೇಡವೆನ್ನುತ್ತಾರೆ? ಬಿಸಿಲಿಗೆ ಗೆರೆ ಮಸುಕಾದರೆ ಕೈ ಅಡ್ಡ ಹಿಡಿದು ನೋಡಿದರಾಯಿತು. ಹನ್ನೊಂದು ಜನರ ಎದುರು "ಆಯ್ತು" ಎಂದರು.

ಮಾಸ್ಟರಕ್ಕನಿಗೆ ಬರುತ್ತಿದ್ದುದು ಒಂದೇ ವಿದ್ಯೆ. ಪರದೆಯ ಮೇಲೆ ತೆಳು ಕಾಗದ ಒತ್ತಿ, ಗ್ರಾಫಿನ ಗೆರೆಯನ್ನೂ ತಳದ ಅಂಕಿಗಳನ್ನೂ ಪೆನ್ಸಿಲಿನಲ್ಲಿ ನಕಲು ಮಾಡುತ್ತಿದ್ದಳು. ಕಾಗದವನ್ನು ಮೇಜಿಗೆ ತಂದು ಮಗುಚಿ ಹಾಸುತ್ತಿದ್ದಳು. ಕಟಿಂಗಿನವರ ಕೈ ಅದು. ಸೀಮೆಸುಣ್ಣದ ಗುರುತು ಬಟ್ಟೆಯ ಮುಖದ ಮೇಲೆ ಉಳಿಯಬಾರದೆಂದು ಎಲ್ಲವನ್ನೂ ಹಿಂಬದಿಯಲ್ಲೇ ಬರೆಯುವುದು ರೂಢಿ. ಆಮೇಲೆ ಬಾಗು ಸ್ಕೇಲು ಇಟ್ಟು, ಟೇಪು ಹಿಡಿದು, ತುಟಿಯ ನಡುವೆ ಎರಡು ಗುಂಡುಪಿನ್ನು ಕಚ್ಚಿಕೊಂಡು ಯೋಚಿಸುವಳು.

"ಸೊಂಟದ ಹತ್ರ ಬಿಗಿ ಇತ್ತು, ಈಗ ಸಡಿಲ ಬಿಟ್ಟಿದಾರೆ. ಏರುತ್ತೆ."

ಬಿಸ್ಕತ್ತು ಕಂಪನಿ ಏರಿತು. ಮೊದಲ ಹಲಗೆ ಕಿತ್ತು ಬಂತು.

"ಕಂಕುಳಲ್ಲಿ ನೆರಿಗೆ ಇಲ್ಲ. ಏರುತ್ತೆ."

ಟೈರು ಕಂಪನಿ ಏರಿತು. ಎರಡನೆಯದು.

ಒಂದು ಗೇಣಗಲ ಬಿಸಿಲು ಒಳಗೆ ಬಂದು ಇಸ್ತ್ರಿಯವಳ ಮೊಣಕೈ ಮೇಲೆ ಕುಳಿತಾಗ ಎಲ್ಲರೂ ಒಬ್ಬೊಬ್ಬರಾಗಿ ಎದ್ದು ಹೋಗಿ ಅದನ್ನು ಮುಟ್ಟಿ ಬಂದರು. ಕಿತ್ತ ಹಲಗೆ ಏನಾಗಬೇಕೆಂದು ಚರ್ಚೆಯೇ ಆಗಲಿಲ್ಲ. ಆ ಕೋಣೆಯ ಸ್ಟೂಲುಗಳು ಯಾವ ಉದ್ದಕಾಲಿನವರಿಗಾಗಿ ಮಾಡಿದ್ದವೋ, ಹೆಂಗಸರ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಸಂಜೆಗೆ ಪಾದ ಊದಿ ಚಪ್ಪಲಿಯೊಳಗೆ ಹೋಗುತ್ತಿರಲಿಲ್ಲ. ಇಸ್ತ್ರಿಯವಳು ಮನೆಯಿಂದ ಗಂಡನ ಗರಗಸ ತಂದು, ಹಲಗೆ ಕೊಯ್ದು, ಕಾಲಿಡುವ ಮಣೆ ಮಾಡಿದಳು. ಮೊದಲನೆಯದು ಕಾಜದಜ್ಜಿಗೆ. ಅಜ್ಜಿ ಎರಡೂ ಪಾದ ಇಟ್ಟು, ಬೆರಳು ಬಿಡಿಸಿ, "ಆಹಾ, ಮೂವತ್ತೊಂದು ವರ್ಷ ಆದ್ಮೇಲೆ ಕೆಲಸಕ್ಕೆ ಬಂದು ತಲುಪಿದೆ ಕಣ್ರೇ" ಎಂದಳು.

ಆಮೇಲಿನ ದಿನಗಳನ್ನು ಏನೆಂದು ಹೇಳುವುದು! ಷೇರು ಎಂದರೆ ತಿನ್ನುವುದೋ ಉಡುವುದೋ ಎಂದು ಗೊತ್ತಿಲ್ಲದ ಹೆಂಗಸರು ಬೆಳಿಗ್ಗೆ ಚೀಲ ಇಡುವ ಮೊದಲೇ "ಸಿಮೆಂಟ್ ಏನಾಯ್ತು?" ಎಂದು ಕೇಳುತ್ತಿದ್ದರು. ಕಾಲರ್ ಹೊಲಿಯುವವಳು ಗೆರೆ ಮೇಲಕ್ಕೆದ್ದಾಗಲೆಲ್ಲ ಪೆಡಲ್ ಒತ್ತಿ ಮೆಷಿನ್ ಗುಡುಗಿಸುತ್ತಿದ್ದಳು, ಇಳಿದರೆ "ಏಯ್, ಏಳೋ ಮುಂಡೇದೇ" ಎಂದು ಪರದೆಗೆ ಬಯ್ಯುತ್ತಿದ್ದಳು. ಔಷಧಿ ಕಂಪನಿಯೊಂದು ಕೊನೆಯ ಹತ್ತು ನಿಮಿಷದಲ್ಲಿ ಮೇಲೆದ್ದ ದಿನ ಯಜಮಾನರು ಮಾಸ್ಟರಕ್ಕನ ಟೇಪನ್ನು ಕೊರಳಿಗೆ ಹಾಕಿಕೊಂಡು ಮೇಜಿನ ಸುತ್ತ ಕುಣಿದರು. ಹಿಗ್ಗಿ ಹೀರೆಕಾಯಿಯಾಗಿದ್ದ ಅವರಿಗೆ, ತಾವು ಕಿತ್ತುಕೊಂಡ ಬೆಳಕನ್ನೇ ತಾವು ಬೋನಸ್ಸಿನಂತೆ ಹಂಚುತ್ತಿರುವುದು ಹೊಳೆಯಲೇ ಇಲ್ಲ. ಹೆಂಗಸರಿಗೆ ಹೊಳೆದಿತ್ತು. ಕಿತ್ತ ಮೊಳೆಗಳನ್ನು ಅವರು ಡಬ್ಬಿಯಲ್ಲಿ ತುಂಬಿಸಿ, ಅದನ್ನು ಅಲ್ಲಾಡಿಸಿ ತಾಳ ಹಾಕುತ್ತಿದ್ದರು.

ಹದಿನಾಲ್ಕು ಗ್ರಾಫ್, ಹದಿನಾಲ್ಕು ಸಲ "ಏರುತ್ತೆ", ಹದಿನಾಲ್ಕು ಹಲಗೆ. ಹನ್ನೊಂದು ಮಣೆಯಾದವು, ಮೂರು ದಾರದುಂಡೆ ಇಡುವ ಗೂಡಾದವು. ಒಂದು ಕಿಟಕಿ ಪೂರ್ತಿ ತೆರೆಯಿತು, ಇನ್ನೊಂದರಲ್ಲಿ ಎರಡು ಹಲಗೆ ಉಳಿದವು.

ಹದಿನಾಲ್ಕನೆಯ ಹಲಗೆ ಕಿತ್ತ ಮಧ್ಯಾಹ್ನ ಬಿಸಿಲು ಕಟಿಂಗ್ ಮೇಜಿನ ತನಕ ಬಂತು. ಕಾಜದಜ್ಜಿ ಆ ದಿನದ ತೆಳು ಕಾಗದವನ್ನು ಸುಮ್ಮನೆ ಕೈಗೆತ್ತಿಕೊಂಡು, ಹಳೆಯ ಅಭ್ಯಾಸದಂತೆ ಬೆಳಕಿಗೆ ಹಿಡಿದಳು. ಹಿಡಿದವಳು ಇಳಿಸಲಿಲ್ಲ.

"ಏ ಮಾಸ್ಟರಿ, ಬಾರೇ ಇಲ್ಲಿ. ನನಗೆ ಕಣ್ಣು ಕಾಣಲ್ಲ ಅಂತಾರೆ. ಈ ಏಳು ಯಾವ ಕಡೆ ಮುಖ ಮಾಡಿದೆ ಹೇಳು."

ಮಾಸ್ಟರಕ್ಕ ನೋಡಿದಳು. ಏಳು ಹಿಂದಕ್ಕೆ ತಿರುಗಿ ನಿಂತಿತ್ತು. ಮೂರೂ ಹಾಗೆಯೇ. ಎಲ್ಲ ಅಂಕಿಗಳೂ ಮುನಿಸಿಕೊಂಡವರಂತೆ ಬೆನ್ನು ತೋರಿಸುತ್ತಿದ್ದವು.

"ಇದು ಬಟ್ಟೆ ಅಲ್ವಲ್ಲೇ ನನ್ನ ತಾಯಿ, ಮಗುಚೋಕೆ! ಇಷ್ಟು ದಿನ ನೀನು ಓದಿದ್ದು ಹಿಂದು ಮುಂದಾಗಿ. ಬೀಳ್ತಾ ಬಂದಿರೋದೆಲ್ಲ ನಿನಗೆ ಏರೋ ಹಾಗೆ ಕಂಡಿದೆ. ಹೋದ ತಿಂಗಳು ಆಗಿದ್ದನ್ನ ನಾಳೆ ಆಗುತ್ತೆ ಅಂತ ಹೇಳಿದೀಯಲ್ಲೇ!"

"ಹಾಗಾದ್ರೆ ಹದಿನಾಲ್ಕೂ ಸರಿ ಬಂದಿದ್ದು ಹೇಗೆ?"

"ಭಾವಮೈದ ಬಿದ್ದ ಷೇರೇ ಅಗ್ಗ ಅಂತ ಹುಡುಕಿ ತರ್ತಾನೆ. ಈ ತಿಂಗಳು ಎಲ್ಲಾನೂ ಏರಿದೆ. ಒಂದು ಇಟ್ಟಿಗೆ ಇಟ್ಟಿದ್ರೂ ಏರ್ತಿತ್ತು."

ಮಾಸ್ಟರಕ್ಕ ಗುಂಡುಪಿನ್ನುಗಳನ್ನು ಬಾಯಿಂದ ತೆಗೆದಿಟ್ಟಳು. ಪುಣ್ಯಕ್ಕೆ ತೆಗೆದಿಟ್ಟಳು. ಯಾಕೆಂದರೆ ಆಮೇಲೆ ಬಂದ ನಗುವಿಗೆ ಆಕೆ ಮೇಜು ಹಿಡಿದು, ಸ್ಟೂಲು ಹಿಡಿದು, ಕೊನೆಗೆ ನೆಲದ ಮೇಲೇ ಕುಳಿತುಬಿಟ್ಟಳು. ಕಾಲರಿನವಳು ಬಿಕ್ಕಳಿಸತೊಡಗಿದಳು.

ಆದರೆ ಕಟಿಂಗ್ ತಪ್ಪಿದರೆ ಮುಚ್ಚಿಡುವುದು ಮಾಸ್ಟರಕ್ಕನಿಗೆ ಬಾರದು. ಕಣ್ಣೊರೆಸಿಕೊಂಡು ಹೋಗಿ ಯಜಮಾನರಿಗೆ ಇದ್ದದ್ದು ಇದ್ದ ಹಾಗೆ ಹೇಳಿದಳು. ಅವರ ಮುಖ ಇಂಗು ತಿಂದ ಮಂಗನ ಮುಖವಾಯಿತು. "ಹಾಗಾದ್ರೆ ಒಂದು ಸಲ ನೆಟ್ಟಗೆ ಇಟ್ಟು ಹೇಳು" ಎಂದರು. ಆಕೆ ನೆಟ್ಟಗೆ ಇಟ್ಟು, ಅಳೆದು, "ಬೀಳುತ್ತೆ" ಎಂದಳು. ಮರುದಿನ ಅದು ಏರಿತು. ಮಾತಿನಂತೆ ಮಾಸ್ಟರಕ್ಕ ಊಟಕ್ಕೆ ಏಳದೆ ಬಟ್ಟೆ ಕತ್ತರಿಸಿದಳು. ಕತ್ತರಿಸುತ್ತಲೇ ಆಗಾಗ ಕಿಸಕ್ಕನೆ ನಗುತ್ತಿದ್ದಳು.

ಇದರಿಂದ ಮೂರು ವರ್ಷದ ಮಗುವೂ ಕಲಿಯಬಹುದಾದದ್ದು ಒಂದಿತ್ತು. ಯಜಮಾನರು ಬೇರೆಯದನ್ನು ಕಲಿತರು.

"ಭಾವ, ಇದು ಉಲ್ಟಾ ವಿದ್ಯೆ!" ಎಂದು ವೀಡಿಯೊ ಚೀರಿದ. "ನೆಟ್ಟಗೆ ಓದಿದ್ರೆ ತಪ್ಪು, ಉಲ್ಟಾ ಓದಿದ್ರೆ ಸರಿ. ಇಡೀ ಪ್ರಪಂಚದಲ್ಲಿ ಯಾರಿಗೂ ಹೊಳೆದಿಲ್ಲ!" ಅವನು ಅಕ್ಕನ ಮನೆಯಿಂದ ನಿಲುವುಗನ್ನಡಿ ಹೊತ್ತು ತಂದು, ಪರದೆಗಳಿಗೆ ಬೆನ್ನು ಹಾಕಿ ಕುಳಿತು, ಕನ್ನಡಿಯಲ್ಲಿ ಗ್ರಾಫ್ ನೋಡತೊಡಗಿದ. ನಡುನಡುವೆ ತಲೆ ಬಾಚಿಕೊಳ್ಳುತ್ತಿದ್ದ.

ಶುಕ್ರವಾರ ಯಜಮಾನರು ತೆಳು ಕಾಗದ ಹಿಡಿದು ಬಂದರು. ಕಣ್ಣು ಹೊಳೆಯುತ್ತಿತ್ತು.

"ಮಾಸ್ಟರಮ್ಮ, ಇದೇ ಕೊನೇದು. ಮೆಷಿನ್‌ಗಳನ್ನೆಲ್ಲ ಅಡ ಇಟ್ಟು ಈ ಒಂದು ಷೇರಿಗೆ ಹಾಕ್ತೀನಿ. ಉಳಿದ ಎರಡೂ ಹಲಗೆ ಒಟ್ಟಿಗೆ ಕೀಳಿಸ್ತೀನಿ. ಮಗುಚಿ ಹಾಸು, ಗೆರೆ ಎಳಿ, ಏರುತ್ತೆ ಅನ್ನು."

ಮಾಸ್ಟರಕ್ಕ ಕಾಗದ ಮುಟ್ಟಲಿಲ್ಲ. "ಗೊತ್ತಿಲ್ದೆ ಹೇಳಿದ್ದು ಆಯ್ತು ಸರ್. ಗೊತ್ತಿದ್ದೂ ಹೆಂಗೆ ಹೇಳ್ಲಿ? ಮೆಷಿನ್ ಹೋದ್ಮೇಲೆ ಕಿಟಕೀಲಿ ನಿಂತು ಏನು ಹೊಲೀಬೇಕು ನಾವು?"

"ನನ್ನ ಮೆಷಿನ್ನು. ನನ್ನ ಇಷ್ಟ."

"ಪೆನ್ಸಿಲ್ ನನ್ನದು." ಅದನ್ನು ಮುಡಿಗೆ ಸಿಕ್ಕಿಸಿಕೊಂಡಳು.

ಇಸ್ತ್ರಿಯವಳ ಕೈಯಲ್ಲಿ ಮೊಳೆಡಬ್ಬಿ ಒಮ್ಮೆ ಗಿಲಕ್ಕೆಂದಿತು. ಯಜಮಾನರ ಕಿವಿ ಕೆಂಪಾಯಿತು. "ಹಾಗಾ? ಹದಿನಾಲ್ಕೂ ಹಲಗೆ ವಾಪಸ್ ಹೊಡಿ" ಎಂದು ಭಾವಮೈದನಿಗೆ ಹೇಳಿದರು.

"ಕಿತ್ತಿದ್ದು ನಮ್ಮದು ಅಂತ ಎಲ್ಲರ ಎದುರು ಒಪ್ಪಿದೀರಿ" ಎಂದಳು ಮಾಸ್ಟರಕ್ಕ.

"ಯಾವ ಕಾಗದದಲ್ಲಿ ಬರೆದಿದೆ? ಹೊಡಿಯೋ!"

ವೀಡಿಯೊ ಕನ್ನಡಿಯ ಮುಂದಿನಿಂದ ಎದ್ದು, ಸುತ್ತಿಗೆ ಹಿಡಿದು, ಕಿಟಕಿಯ ಕೆಳಗೆ ಹುಡುಕಿದ. ಬಾಗಿಲ ಹಿಂದೆ ಹುಡುಕಿದ. "ಭಾವ, ಹಲಗೆ ಎಲ್ಲಿ?" ಎಂದ. ಯಜಮಾನರು ಮೊದಲ ಬಾರಿಗೆ ಮೆಷಿನ್‌ಗಳ ಕೆಳಗೂ ಮೇಜುಗಳ ಕೆಳಗೂ ಬಗ್ಗಿ ನೋಡಿದರು. ಇಪ್ಪತ್ತು ಪಾದಗಳು ಕಂಡವು. ಕೆಲವು ಬರಿಗಾಲು, ಕೆಲವಕ್ಕೆ ಸವೆದ ಚಪ್ಪಲಿ. ಪೆಡಲಿನ ಮೇಲಿದ್ದ ಪಾದಗಳೂ ಕೆಳಗಿಳಿದು ಹಲಗೆಯ ಮೇಲೆ ಊರಿದವು. ಮಾಸ್ಟರಕ್ಕನೂ ಹೋಗಿ ತನ್ನ ಹಲಗೆಯ ಮೇಲೆ ನಿಂತುಕೊಂಡಳು. ಮೆಷಿನ್‌ಗಳ ಸದ್ದು ನಿಂತಿತು.

ಯಾರಿಂದ ಶುರುಮಾಡುವುದೆಂದು ಯಜಮಾನರು ನೋಡಿದರು. ಕೆಲಸ ಕಳೆದುಕೊಳ್ಳುವ ಭಯ ಎಲ್ಲರಿಗಿಂತ ಹೆಚ್ಚು ಯಾರಿಗಿರಬೇಕೋ ಆಕೆಯ ಮುಂದೆ ಹೋಗಿ ನಿಂತರು.

"ಅಜ್ಜಿ, ಕಾಲೆತ್ತಿ."

ಕಾಜದಜ್ಜಿ ಹೊಸ ದಾರ ಕಡಿದುಕೊಂಡಳು. ಸೂಜಿಯನ್ನು ಕಿಟಕಿಯ ಕಡೆಗೆ ಎತ್ತಿದಳು. ಯಜಮಾನರು ಅಡ್ಡ ನಿಂತಿದ್ದುದರಿಂದ ಅದನ್ನು ಇನ್ನೂ ಸ್ವಲ್ಪ ಮೇಲೆತ್ತಿ, ಅವರ ಕಿವಿಯ ಪಕ್ಕದಿಂದ ಬರುತ್ತಿದ್ದ ಬಿಸಿಲಿಗೆ ಹಿಡಿದಳು. ಒಂದು ಕಣ್ಣು ಮುಚ್ಚಿದಳು. ದಾರ ಒಂದೇ ಸಲಕ್ಕೆ ಹಾದುಹೋಯಿತು.

"ಎತ್ತಲ್ಲ" ಎಂದಳು.