ಮಡಚಿಟ್ಟ ಎಣ್ಣೆ ಬಟ್ಟೆ

೨೦೧೯ರ ಮಾರ್ಚ್ ೧೭, ಭಾನುವಾರ, ಮಧ್ಯಾಹ್ನ ಮೂರು ಗಂಟೆ ನಲವತ್ತು ನಿಮಿಷ. ಒಂದು ಮನೆಯ ಹಿಂದಿನ ಶೆಡ್ಡಿನ ಕಿಟಕಿಯಿಂದ ಹೊಗೆಯ ಸಣ್ಣ ಎಳೆಯೊಂದು ಹೊರಗೆ ಬಂತು.

ಶೆಡ್ಡಿನ ಯಜಮಾನ ವಾರದ ಆರು ದಿನ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುತ್ತಿದ್ದ, ಭಾನುವಾರ ಮರಗೆಲಸ ಮಾಡುತ್ತಿದ್ದ. ಬೀದಿಯವರು ಅವನ ಹೆಸರನ್ನು ಮರೆತೇಬಿಟ್ಟಿದ್ದರು. ಎಲ್ಲರ ಬಾಯಲ್ಲೂ ಅವನು 'ಓರಣ'. ಅವನ ಶೆಡ್ಡು ನೋಡಿದವರಿಗೆ ಕಾರಣ ಕೇಳಬೇಕಾಗಿರಲಿಲ್ಲ. ಹತ್ತಡಿಗೆ ಹನ್ನೆರಡಡಿ ಜಾಗ. ಗೋಡೆಯ ಹಲಗೆಯ ಮೇಲೆ ಒಂದೊಂದು ಉಳಿ, ಒಂದೊಂದು ಗರಗಸದ ಆಕಾರವನ್ನೂ ಪೆನ್ಸಿಲಿನಲ್ಲಿ ಬರೆದಿದ್ದ. ತೆಗೆದದ್ದು ಆ ಗೆರೆಯೊಳಕ್ಕೇ ಮರಳಬೇಕು. ಮೊಳೆಗಳು ಉದ್ದಕ್ಕೆ ತಕ್ಕಂತೆ ಒಂಬತ್ತು ಡಬ್ಬಿಗಳಲ್ಲಿ. ಪಾಲಿಶ್, ಗೋಂದು, ಎಣ್ಣೆ ಯಾವುದೂ ಅಂಗಡಿಯಿಂದ ಬಂದ ಡಬ್ಬದಲ್ಲಿ ಉಳಿಯುತ್ತಿರಲಿಲ್ಲ. ಒಂದೊಂದು ಡಬ್ಬ ಒಂದೊಂದು ಅಳತೆ, ಒಂದೊಂದು ಬಣ್ಣ. ಅವನ ಕಣ್ಣಿಗೆ ಕಸ ಬಿದ್ದಂತಾಗುತ್ತಿತ್ತು. ಎಲ್ಲವನ್ನೂ ಒಂದೇ ಅಳತೆಯ ಗಾಜಿನ ಬಾಟಲಿಗಳಿಗೆ ಸುರಿದು, ಮೇಲೆ ತನ್ನ ಮುದ್ದಾದ ಅಕ್ಷರದ ಚೀಟಿ ಅಂಟಿಸಿ, ಖಾಲಿ ಡಬ್ಬವನ್ನು ಹೊರಗೆಸೆಯುತ್ತಿದ್ದ.

"ನಿಮ್ಮ ಶೆಡ್ಡಲ್ಲಿ ಸೊಳ್ಳೆನೂ ಸಾಲಾಗಿ ಹಾರ್ಬೇಕು" ಎಂದು ಹೆಂಡತಿ ಛೇಡಿಸುತ್ತಿದ್ದಳು.

ಆ ವರ್ಷ ಹೆಂಡತಿಯ ತಮ್ಮನಿಗೆ ಮದುವೆ ಗೊತ್ತಾಗಿತ್ತು. ಅವನು ಮನೆಗಳಿಗೆ ವೈರಿಂಗ್ ಮಾಡುವ ಕೆಲಸದವನು, ನಗುಮುಖದವನು; ಕೆಟ್ಟ ಚಟ ಅಂದರೆ ಸಿಗರೇಟೊಂದೇ. ಅವನಿಗೆಂದು ಓರಣ ನಾಲ್ಕು ತಿಂಗಳಿಂದ ಮಂಚ ಮಾಡುತ್ತಿದ್ದ. ಆ ಭಾನುವಾರ ಬೆಳಿಗ್ಗೆ ಮಂಚಕ್ಕೆ ಕೊನೆಯ ಸಲ ಕುದಿಸಿದ ಅಗಸೆ ಎಣ್ಣೆ ತಿಕ್ಕಿ ಮುಗಿಸಿದ. ಹದಿನಾಲ್ಕು ಹತ್ತಿ ಬಟ್ಟೆ ತೊಯ್ದಿದ್ದವು. ಬೇರೆಯವರಾಗಿದ್ದರೆ ಅಲ್ಲಲ್ಲೇ ಬಿಸಾಡುತ್ತಿದ್ದರು. ಓರಣ ಒಂದೊಂದನ್ನೂ ಹಿಂಡಿದ, ನಾಲ್ಕು ಮಡಿಕೆ ಮಾಡಿದ, ಒಂದರ ಮೇಲೊಂದು ಜೋಡಿಸಿದ, ಮರದ ಪೆಟ್ಟಿಗೆಯಲ್ಲಿಟ್ಟು ಮುಚ್ಚಳ ಒತ್ತಿದ. ಮುಂದಿನ ವಾರಕ್ಕೂ ಆಗುತ್ತದೆ ಎಂದು ಲೆಕ್ಕ. ಹೀಗೆ ಎಣ್ಣೆ ಬಟ್ಟೆ ಎತ್ತಿಡುವುದು ಅವನಿಗೆ ಹೊಸದಲ್ಲ. ಆದರೆ ಯಾವಾಗಲೂ ಎರಡೋ ಮೂರೋ ಇರುತ್ತಿದ್ದವು. ಹದಿನಾಲ್ಕು ಸೇರಿದ್ದು ಅಂದೇ ಮೊದಲು.

ಮಧ್ಯಾಹ್ನ ಭಾವಮೈದುನ ಮಂಚ ನೋಡಲು ಬಂದ.

"ಭಾವ, ಇಷ್ಟು ಚೆನ್ನಾಗಿ ಮಾಡಿಟ್ರೆ ಇದರ ಮೇಲೆ ಮಲಗೋಕೆ ಮನಸ್ಸು ಬರಲ್ಲ. ನೋಡ್ಕೊಂಡು ಕೂತಿರ್ತೀನಿ."

"ನೀನು ಕೂತಿರು, ಹೆಂಡ್ತಿ ಮಲಗ್ತಾಳೆ. ಮೊದಲು ಬಾಯಲ್ಲಿರೋದನ್ನ ಹೊರಗೆ ತಗೊಂಡು ಹೋಗು."

ಅವನು ನಗುತ್ತಾ ಓಣಿಗೆ ಹೋಗಿ ಸಿಗರೇಟು ಮುಗಿಸಿದ. ಒಳಗೆ ಊಟಕ್ಕೆ ಕೂತರು. ಹೊಗೆ ಕಂಡು ಓಡಿಬಂದಾಗ ಓರಣ ಮಾಡಿದ ಮೊದಲ ಕೆಲಸ, ಹೊಗೆಯಾಡುತ್ತಿದ್ದ ಪೆಟ್ಟಿಗೆಯ ಮುಚ್ಚಳ ತೆಗೆದದ್ದು. ಗಾಳಿಗೇ ಕಾದಿದ್ದಂತೆ ಬೆಂಕಿ ಭಗ್ಗೆಂದು ಎದ್ದು ಅವನ ಹುಬ್ಬು ಸುಟ್ಟಿತು. ಎರಡು ಕೊಡ ನೀರು ತರುವುದರೊಳಗೆ ಬಾಟಲಿಗಳು ಸಿಡಿದವು. ಅಗ್ನಿಶಾಮಕದವರು ಬರುವ ಹೊತ್ತಿಗೆ ಮಂಚದ ನಾಲ್ಕು ಕಾಲು ಮಾತ್ರ ಕರ್ರಗೆ ನಿಂತಿದ್ದವು.

ಬೀದಿಗೆ ಬೀದಿಯೇ ಸೇರಿತ್ತು. ಓರಣನ ಕಣ್ಣು ಭಾವಮೈದುನನ ಮೇಲೆ ಬಿತ್ತು.

"ಎಲ್ಲಿ ಎಸೆದೆ ಸಿಗರೇಟು?"

"ಓಣಿಯಲ್ಲಿ, ಭಾವ. ಕಾಲಲ್ಲಿ ತುಳಿದು ಆರಿಸಿದೆ."

"ತುಳಿದು ಆರಿಸಿದ್ರೆ ಇದು ಎಲ್ಲಿಂದ ಬಂತು? ನನ್ನ ಶೆಡ್ಡಲ್ಲಿ ಒಲೆ ಇದ್ಯಾ, ದೀಪ ಇದ್ಯಾ? ಬೆಂಕಿ ತಾನಾಗೇ ಹುಟ್ಟುತ್ತಾ?"

"ತುಳಿದೆ ಭಾವ. ಅಕ್ಕಾ, ನೀನಾದ್ರೂ ಹೇಳು. ಆರಿಸೇ ಒಳಗೆ ಬಂದೆ."

ಅಕ್ಕ ಏನೂ ಹೇಳಲಿಲ್ಲ. ನೂರು ಜನ ಕೇಳುವಂತೆ ಓರಣ ಹೇಳಿದ: "ಮನೆಗೆ ಬೆಂಕಿ ಇಡೋನಿಗೆ ಯಾರಮ್ಮಾ ಹೆಣ್ಣು ಕೊಡ್ತಾರೆ."

ಸಿಟ್ಟಿನಲ್ಲಿ ಬಂದ ಮಾತು. ಆದರೆ ಮಾತಿಗೆ ಕಾಲಿಲ್ಲದಿದ್ದರೂ ಊರು ಸುತ್ತುತ್ತದೆ. ಒಂಬತ್ತನೆಯ ದಿನ ಹುಡುಗಿಯ ಸೋದರಮಾವ ಮನೆಗೆ ಬಂದ. ಕೊಟ್ಟ ನೀರನ್ನು ಮುಟ್ಟಲಿಲ್ಲ. "ಬೆಂಕಿ ಇಲ್ಲದೆ ಹೊಗೆ ಬರಲ್ಲ ಅಂತಾರೆ. ಹುಡುಗನ ಸ್ವಂತ ಭಾವನೇ ಹಾಗಂದ ಮೇಲೆ ನಾವು ಇನ್ನಾರನ್ನ ಕೇಳೋದು?" ಎಂದು ಎದ್ದು ಹೋದ. ಮದುವೆ ಮುರಿಯಿತು. ಭಾವಮೈದುನ ಬೇರೆ ಊರಿನಲ್ಲಿ ಕೆಲಸ ಹಿಡಿದು ಹೋದ. ಹೋಗುವಾಗ ಅಕ್ಕನಿಗೆ ಹೇಳಿದ, ಭಾವನಿಗೆ ಹೇಳಲಿಲ್ಲ.

ಮೇ ತಿಂಗಳ ಹೊತ್ತಿಗೆ ಓರಣ ಶೆಡ್ಡನ್ನು ಮತ್ತೆ ಕಟ್ಟಿ ನಿಲ್ಲಿಸಿದ್ದ. ಅದೇ ವಾರ ಮೂರನೆಯ ಮನೆಯ ಲ್ಯಾಬಕ್ಕ ಮಗಳ ಬಾಣಂತನ ಮುಗಿಸಿ ಹಿಂದಿರುಗಿದರು. ಮೂವತ್ತು ವರ್ಷ ಬಣ್ಣದ ಕಾರ್ಖಾನೆಯ ಪ್ರಯೋಗಾಲಯದಲ್ಲಿ ದುಡಿದವರು. ಆ ಹೆಸರು ಅಲ್ಲಿಂದ ಬಂದದ್ದು. ಬೆಂಕಿ ಬಿದ್ದಾಗ ಊರಲ್ಲಿರಲಿಲ್ಲವಲ್ಲ ಎಂದು ಮಾತಾಡಿಸಿಕೊಂಡು ಹೋಗಲು ಬಂದರು. ಓರಣ ಹೊಸ ಬೆಂಚಿಗೆ ಎಣ್ಣೆ ತಿಕ್ಕಿ ಮುಗಿಸಿ, ಬಟ್ಟೆಗಳನ್ನು ನಾಲ್ಕು ಮಡಿಕೆ ಮಾಡಿ ಹೊಸ ಪೆಟ್ಟಿಗೆಗೆ ಜೋಡಿಸುತ್ತಿದ್ದ.

"ಅದೇನಪ್ಪಾ ಮಾಡ್ತಿದೀಯ?"

"ಎತ್ತಿಡ್ತಿದೀನಿ ಅಕ್ಕ. ಯಾವಾಗ್ಲೂ ಹೀಗೇ."

"ಯಾವ ಎಣ್ಣೆ?"

"ಅಗಸೆ ಎಣ್ಣೆ. ಕುದಿಸಿದ್ದು."

"ತೆಗಿ. ಎಲ್ಲಾ ಈಚೆ ತೆಗಿ, ಬೇಗ." ಕೈಯಿಂದ ಮುಟ್ಟಿ ನೋಡಿ ಒಂದೊಂದನ್ನೂ ತಾವೇ ಬಿಡಿಸಿ ಹೊರಗೆ ಬಟ್ಟೆ ಒಣಹಾಕುವ ಹಗ್ಗಕ್ಕೆ ಹಾಕಿದರು. ಆಮೇಲೆ ಉಸಿರು ಬಿಟ್ಟು ಕೇಳಿದರು: "ಆವತ್ತು ಮೊದಲು ಏನು ಸುಟ್ಟಿದ್ದು?"

"ಬಟ್ಟೆ ಪೆಟ್ಟಿಗೆ."

"ಮುಚ್ಚಳ ಹಾಕಿತ್ತಾ?"

"ನಾನು ಮುಚ್ಚದೆ ಇಡ್ತೀನಾ? ಒತ್ತಿ ಹಾಕಿದ್ದೆ."

"ಹಾಗಾದ್ರೆ ಓಣೀಲಿ ಬಿದ್ದ ಸಿಗರೇಟು ಒತ್ತಿ ಹಾಕಿದ ಮುಚ್ಚಳದೊಳಗೆ ಹೇಗಪ್ಪಾ ಹೋಯ್ತು?"

ಸಾವಿರ ಕಾಗದ ವಿಂಗಡಿಸುವಾಗ ಒಂದು ವಿಳಾಸವೂ ತಪ್ಪದ ಓರಣ ಎರಡು ತಿಂಗಳಲ್ಲಿ ಒಮ್ಮೆಯೂ ಈ ಪ್ರಶ್ನೆ ಕೇಳಿಕೊಂಡಿರಲಿಲ್ಲ.

"ಆದ್ರೂ ಅಕ್ಕ, ಬರೀ ಎಣ್ಣೆ. ಕಡ್ಡಿ ಗೀರದೆ ಹೇಗೆ ಹತ್ತುತ್ತೆ? ನಮ್ಮನೆಯವಳ ಹೊಲಿಗೆ ಮಿಷನ್ನಿನ ಎಣ್ಣೆ ಬಟ್ಟೆ ವರ್ಷಗಟ್ಟಲೆ ಡ್ರಾಯರಿನಲ್ಲಿ ಬಿದ್ದಿದೆ."

"ಅದು ಒಣಗಿದ್ಯಾ?"

"ಇಲ್ಲ. ಹಾಗೇ ಜಿಡ್ಡುಜಿಡ್ಡು."

"ನೋಡು, ಅಲ್ಲೇ ಇರೋದು ವ್ಯತ್ಯಾಸ. ಅಗಸೆ ಎಣ್ಣೆ ಒಣಗಿ ಗಟ್ಟಿಯಾಗುತ್ತೆ. ನೀರು ಒಣಗೋದು ಬೇರೆ, ಇದು ಬೇರೆ. ನೀರು ಆವಿಯಾಗಿ ಹೋಗುತ್ತೆ. ಈ ಎಣ್ಣೆ ಎಲ್ಲೂ ಹೋಗಲ್ಲ, ಗಾಳಿಯಲ್ಲಿರೋ ಆಮ್ಲಜನಕ ಹೀರ್ಕೊಂಡು ಗಟ್ಟಿಯಾಗುತ್ತೆ. ಹೀರುವಾಗ ಬಿಸಿ ಹುಟ್ಟುತ್ತೆ. ಮರಕ್ಕೆ ತೆಳ್ಳಗೆ ತಿಕ್ಕಿದ್ರೆ ಆ ಬಿಸಿ ಗಾಳಿಗೆ ಹೋಯ್ತು, ನಮಗೆ ಗೊತ್ತೂ ಆಗಲ್ಲ. ಮಡಚಿ ಒತ್ತಿಟ್ರೆ ಎಲ್ಲಿಗೆ ಹೋಗ್ಬೇಕು? ತಿಪ್ಪೆ ಒಳಗೆ ಕೈ ಹಾಕಿ ನೋಡಿದ್ಯಾ ಯಾವತ್ತಾದ್ರೂ? ಮೇಲೆ ತಣ್ಣಗೆ, ಒಳಗೆ ಬಿಸಿಬಿಸಿ. ಹಾಗೆ."

"ತಿಪ್ಪೆ ಹೊತ್ತಿ ಉರಿಯಲ್ಲವಲ್ಲ ಅಕ್ಕ."

"ತಿಪ್ಪೇಲಿ ನೀರಿರುತ್ತೆ. ನಿನ್ನ ಪೆಟ್ಟಿಗೇಲಿ ಏನಿತ್ತು? ಅದಿರ್ಲಿ, ಎಣ್ಣೆ ಬಂದ ಡಬ್ಬ ಎಲ್ಲಿ?"

"ಬಿಸಾಡಿದೆ. ಬಾಟ್ಲಿಗೆ ಸುರ್ಕೊಂಡೆ."

"ಒಳ್ಳೇದನ್ನ ಬಿಸಾಡಿ ಚೆಂದದ್ದನ್ನ ಇಟ್ಕೊಂಡೆ" ಎಂದರು ಲ್ಯಾಬಕ್ಕ. ಸಂಜೆ ಅಂಗಡಿಯಿಂದ ಅದೇ ಎಣ್ಣೆಯ ಹೊಸ ಡಬ್ಬ ತಂದು ಅವನ ಕೈಗಿತ್ತರು. ಹಿಂಭಾಗದಲ್ಲಿ ಇರುವೆ ಸಾಲಿನಂಥ ಅಕ್ಷರ. ಓರಣ ಕನ್ನಡಕ ಹಾಕಿ ಓದಿದ: ಎಣ್ಣೆಯಾದ ಬಟ್ಟೆಗಳನ್ನು ಗುಡ್ಡೆ ಹಾಕಬಾರದು, ತಾವಾಗಿಯೇ ಹೊತ್ತಿಕೊಳ್ಳಬಹುದು. ಇಂಥ ಎಷ್ಟೋ ಡಬ್ಬಗಳನ್ನು ಅವನೇ ಓದದೆ ಎಸೆದಿದ್ದ.

ಆದರೂ ಅವನ ಮನಸ್ಸು ಪೂರ್ತಿ ಒಪ್ಪಲಿಲ್ಲ. ಒಪ್ಪಿಕೊಂಡರೆ ಇನ್ನೇನನ್ನೆಲ್ಲ ಒಪ್ಪಿಕೊಳ್ಳಬೇಕಾಗುತ್ತದೆ ಎಂಬುದು ಅವನಿಗೆ ಗೊತ್ತಿತ್ತು.

ಮುಂದಿನ ಭಾನುವಾರ ಬೆಳಿಗ್ಗೆ ಹತ್ತೂಕಾಲಿಗೆ ಲ್ಯಾಬಕ್ಕ ಬಯಲಿನ ನಡುವೆ, ಮನೆ ಮರ ಯಾವುದೂ ಹತ್ತಿರವಿಲ್ಲದ ಕಡೆ, ಕಬ್ಬಿಣದ ಬಕೆಟ್ಟು ಇಟ್ಟರು. ಪಕ್ಕದಲ್ಲಿ ಎರಡು ಬಕೆಟ್ಟು ಮರಳು, ನಾಲ್ಕು ಕೊಡ ನೀರು. ಓರಣ ತನ್ನ ಕೈಯಿಂದಲೇ ಹದಿನಾಲ್ಕು ಬಟ್ಟೆ ತೊಯಿಸಿ, ಹಿಂಡಿ, ಮಡಚಿ ಜೋಡಿಸಿದ. ನಡುವೆ ಉದ್ದ ತಂತಿಯ ಉಷ್ಣಮಾಪಕ ಸಿಕ್ಕಿಸಿದರು. ಹದಿನೈದನೆಯ ಬಟ್ಟೆಯನ್ನು ಬಿಡಿಸಿ ಒಂಟಿಯಾಗಿ ಹಗ್ಗಕ್ಕೆ ಹಾಕಿ, ಅದಕ್ಕೂ ಒಂದು ಉಷ್ಣಮಾಪಕ ಕಟ್ಟಿದರು. ಲ್ಯಾಬಕ್ಕ, ಓರಣ, ಅವನ ಹೆಂಡತಿ ಮೂವರೂ ದೂರದ ಕಟ್ಟೆಯ ಮೇಲೆ ಕೂತರು.

ಶುರುವಿನಲ್ಲಿ ಬಕೆಟ್ಟಿನ ಬಟ್ಟೆ ಮೂವತ್ತೊಂದು ಡಿಗ್ರಿ. ಹನ್ನೊಂದೂವರೆಗೆ ನಲವತ್ತು.

"ಬಿಸಿಲಿಗೆ ಅಕ್ಕ" ಎಂದ ಓರಣ.

"ಬಿಸಿಲು ಹಗ್ಗದ ಮೇಲಿರೋದಕ್ಕೂ ಇದೆ. ಕೂತ್ಕೋ."

ಒಂದು ಗಂಟೆಗೆ ಎಪ್ಪತ್ತೆರಡು. ಆಮೇಲೆ ಅಂಕಿ ನೋಡುನೋಡುತ್ತ ಓಡತೊಡಗಿತು. ಎರಡು ಗಂಟೆಗೆ ನೂರ ಹತ್ತು, ನೀರಾಗಿದ್ದರೆ ಕುದಿಯಬೇಕಿತ್ತು. ಎರಡೂ ಇಪ್ಪತ್ತಕ್ಕೆ ನೂರ ಐವತ್ತೆಂಟು. ಕಡ್ಡಿ ಗೀರಿದವರಿಲ್ಲ, ಹತ್ತಿರ ಸುಳಿದವರೂ ಇಲ್ಲ. ಬಕೆಟ್ಟಿನಿಂದ ಹೊಗೆಯ ಎಳೆಯೊಂದು ಮೇಲೆದ್ದಿತು. ಲ್ಯಾಬಕ್ಕ ಎದ್ದು ಹೋಗಿ ನೀರು ಸುರಿದರು.

ಓರಣನ ಹೆಂಡತಿ ಹಬೆಯನ್ನೇ ನೋಡುತ್ತಾ ಹೇಳಿದಳು:

"ನನ್ನ ಮುಖ ನೋಡ್ಕೊಂಡು ಹೇಳಿದ ಅವನು, ನೀನಾದ್ರೂ ಹೇಳು ಅಕ್ಕಾ ಅಂತ. ನೀವು ಬೈದಿದ್ದು ಸಿಟ್ಟಲ್ಲಿ. ನಾನು ಸುಮ್ಮನಿದ್ದಿದ್ದು ನಂಬದೆ."

ಓರಣ ಅಲ್ಲೇ ಕೂತು ಭಾವಮೈದುನನಿಗೆ ಫೋನು ಮಾಡಿದ. ಎರಡು ತಿಂಗಳಲ್ಲಿ ಮೊದಲ ಸಲ. ಎಣ್ಣೆ, ಬಟ್ಟೆ, ಬಕೆಟ್ಟು, ನೂರ ಐವತ್ತೆಂಟು ಎಲ್ಲವನ್ನೂ ತೊದಲುತ್ತಾ ಹೇಳಿದ.

"ಹಾಗಾದ್ರೆ ನಾನಲ್ಲ" ಎಂದಿತು ಆ ಕಡೆಯ ದನಿ.

"ನೀನಲ್ಲ ಕಣೋ. ನಾನು. ತಪ್ಪಾಯ್ತು."

"ಇಲ್ಲ ಭಾವ, ಅದಲ್ಲ. ಎಲ್ಲರೂ ಹೇಳಿ ಹೇಳಿ ನನಗೂ ಅನ್ನಿಸಿಬಿಟ್ಟಿತ್ತು. ಕಾಲ ಕೆಳಗೆ ಸರಿಯಾಗಿ ಆರಿರ್ಲಿಲ್ಲವೇನೋ ಅಂತ. ದಿನಾ ಮಲಗುವಾಗ ನೆನಪು ಮಾಡ್ಕೋತಿದ್ದೆ, ತುಳಿದೆನಾ, ಇಲ್ವಾ ಅಂತ."

ಬಾ ಎಂದ ಓರಣ. ನೋಡೋಣ ಎಂದ ಅವನು.

ಅಂದೇ ಸಂಜೆ ಓರಣ ಬೀದಿಯ ಮನೆಮನೆಗೂ ಹೋಗಿ, ಬೆಂಕಿ ಇಟ್ಟವನು ನಾನು, ಅವನಲ್ಲ ಎಂದು ಹೇಳಿ ಬಂದ. ಮರುದಿನ ರಜೆ ಹಾಕಿ ಹುಡುಗಿಯ ಸೋದರಮಾವನ ಮನೆಗೂ ಹೋದ. ಆತ ಪೂರ್ತಿ ಕೇಳಿಸಿಕೊಂಡ, ಈ ಸಲ ತಾನೇ ನೀರು ತಂದುಕೊಟ್ಟ. "ಬಂದು ಹೇಳಿದ್ದು ದೊಡ್ಡದು. ಆದರೆ ಹುಡುಗಿಗೆ ಹೋದ ವಾರವೇ ಮದುವೆಯಾಯ್ತು" ಎಂದ. ಓರಣ ನೀರು ಕುಡಿದು ಲೋಟ ಕೆಳಗಿಟ್ಟು ಹೊರಟು ಬಂದ.

ಈಗ ಈ ಓರಣ ಭಾನುವಾರಗಳಂದು ಬಡಗಿಗಳ, ಬಣ್ಣ ಬಳಿಯುವವರ ಬಳಿಗೆ ತಾನಾಗಿ ಹೋಗುತ್ತಾನೆ. ಮನೆಯಲ್ಲಿ ಪುಟ್ಟ ಬೆಂಚು ಹಾಕಿಕೊಂಡು ಕುರ್ಚಿ ಮೇಜು ರಿಪೇರಿ ಮಾಡಿಕೊಳ್ಳುವವರನ್ನಂತೂ ಬಿಡುವುದೇ ಇಲ್ಲ. ಅವನು ಹೇಳುವುದನ್ನೇ ನಿಮಗೂ ಹೇಳುತ್ತೇವೆ. ಅಗಸೆ ಎಣ್ಣೆಯಾಗಲಿ, ಅದು ಬೆರೆತ ಪಾಲಿಶ್, ವಾರ್ನಿಶ್, ಬಣ್ಣವಾಗಲಿ, ಅಂಗಡಿಯ ಡಬ್ಬದಲ್ಲೇ ಇರಲಿ. ಅದರ ಹಿಂದಿನ ಸಣ್ಣ ಅಕ್ಷರವನ್ನು ಕೆಲಸಕ್ಕೆ ಮೊದಲೇ ಓದಿ. ಒರೆಸಿದ ಬಟ್ಟೆಯನ್ನು ಮಡಚಬೇಡಿ, ಮುದ್ದೆ ಮಾಡಬೇಡಿ, ಕಸದ ಬುಟ್ಟಿಗೂ ಹಾಕಬೇಡಿ. ಹೊರಗೆ, ಗೋಡೆಯಿಂದ ದೂರ, ಒಂದೊಂದನ್ನೂ ಬಿಡಿಸಿ ಹರಡಿ. ರಟ್ಟಿನ ಹಾಗೆ ಗಟ್ಟಿಯಾಗಿ ಒಣಗಿದ ಮೇಲೆ ಎಸೆಯಿರಿ. ಹೊರಗೆ ಜಾಗವಿಲ್ಲವೇ, ತಗಡಿನ ಡಬ್ಬದಲ್ಲಿ ನೀರು ತುಂಬಿ ಅದರೊಳಗೆ ಮುಳುಗಿಸಿ ಮುಚ್ಚಿಡಿ. ಬೆಂಚಿನ ಪಕ್ಕ ಒಂದು ಬಕೆಟ್ಟು ಮರಳು ಇರಲಿ. ಪೆಟ್ಟಿಗೆಯಲ್ಲಿ ಹೊಗೆ ಕಂಡರೆ ಮುಚ್ಚಳ ತೆಗೆಯಬೇಡಿ. ಮನೆಯವರನ್ನು ಹೊರಗೆ ಕಳಿಸಿ ಅಗ್ನಿಶಾಮಕದವರನ್ನು ಕರೆಯಿರಿ. ಲ್ಯಾಬಕ್ಕ ಮಾಡಿದ ಪರೀಕ್ಷೆಯನ್ನು ನೀವು ಮಾಡಿ ನೋಡಬೇಡಿ, ಅವರು ಮಾಡಿ ಬರೆದಿಟ್ಟದ್ದು ಸಾಕು. ಮತ್ತು ಬೆಂಕಿ ಬಿದ್ದ ದಿನ, ಕಾರಣ ಗೊತ್ತಾಗುವ ತನಕ ಯಾರ ಹೆಸರನ್ನೂ ಬಾಯಿಗೆ ತರಬೇಡಿ.

ಪರೀಕ್ಷೆ ಮಾಡಿದ ಆ ಭಾನುವಾರ ಮಧ್ಯಾಹ್ನ ಎರಡು ಗಂಟೆ ಇಪ್ಪತ್ತು ನಿಮಿಷಕ್ಕೆ, ಅದೇ ಎಣ್ಣೆಯಲ್ಲಿ ತೊಯ್ದು ಹಗ್ಗದ ಮೇಲೆ ಒಂಟಿಯಾಗಿ ಹರಡಿದ್ದ ಹದಿನೈದನೆಯ ಬಟ್ಟೆಯ ಬಿಸಿ ಮೂವತ್ತಾರು ಡಿಗ್ರಿ.