ಟಿಂಕಾಳ ಕೊರಳಪಟ್ಟಿ

ಪೆಟ್ಟಿಗೆಯ ಬಾಣ ಎಡಕ್ಕೆ ತಿರುಗಿತು, ಇಪ್ಪತ್ತು ಮೀಟರು, ಹದಿನೈದು, ಅಂಕಿ ಇಳಿಯುತ್ತಿದೆ, ಇಳಿಯಲಿ, ಈ ಹಿಮದ ಗುಪ್ಪೆಯಡಿ ಎಲ್ಲೋ ನನ್ನ ಗಂಡ ಸ್ಯುರ್ ಇದ್ದಾನೆ, ಅವನ ಎದೆಗೆ ಕಟ್ಟಿದ ಪೆಟ್ಟಿಗೆ ನನ್ನ ಕೈಯ ಪೆಟ್ಟಿಗೆಯನ್ನು ಕೂಗುತ್ತಿದೆ, ಕಾಲು ಗಂಟೆ ಉಸಿರು ಇರುತ್ತದಂತೆ, ಆಮೇಲೆ — ಆಮೇಲಿನದು ಬೇಡ. ಧಪ್ ಎಂದಿತ್ತು, ಇಡೀ ಇಳಿಜಾರೇ ಕುಕ್ಕರಿಸಿದ ಹಾಗೆ, ಗಾಳಿ ತಂದು ಪೇರಿಸಿದ ಹಿಮ, ಗೊತ್ತಿತ್ತಲ್ಲ, ಒಬ್ಬೊಬ್ರೇ ದಾಟೋಣ ಕಣೋ ಎಂದೆ, ಸರಿ ಎಂದು ಒಬ್ಬನೇ ಹೊರಟ, ನಾಯಿಗೆ ಆ ನಿಯಮ ಹೇಳುವವರು ಯಾರು, ಟಿಂಕಾ ಅವನ ಹಿಂದೆಯೇ ಓಡಿದಳು, ಹಿಮ ಕುಸಿದು ಇಬ್ಬರೂ ಅದರಡಿ ಹೋದರು. ಎಂಟು. ಐದು. ದೇವರೇ, ಇದು ಅವನದೇ ಆಗಿರಲಿ, ಈ ಹಾಳು ಪೆಟ್ಟಿಗೆ ಹತ್ತಿರದ ಪೆಟ್ಟಿಗೆಯನ್ನಷ್ಟೇ ತೋರಿಸುತ್ತದೆ, ಹೆಸರು ಹೇಳುವುದಿಲ್ಲ. ಬೆಳಿಗ್ಗೆ ಕಂದು ಚೀಸಿನ ಬ್ರೆಡ್ಡು ಕಚ್ಚಿಕೊಂಡೇ ತನ್ನ ಹಳೇ ಪೆಟ್ಟಿಗೆಯನ್ನು ಅವಳ ಕೆಂಪು ಕೊರಳಪಟ್ಟಿಗೆ ಹೊಲಿಯುತ್ತಿದ್ದ, ನಿಂಗೇನ್ ತಲೆ ಕೆಟ್ಟಿದ್ಯಾ, ನಾಯಿಗೆ ಯಾರಾದ್ರೂ ಕಟ್ತಾರಾ, ನಾಳೆ ಹಿಮ ಕುಸಿದ್ರೆ ಮನುಷ್ಯರನ್ನ ಬಿಟ್ಟು ಅದನ್ನೇ ಅಗೀತಾರೆ ಎಂದೆ, ಅಗೀಲಿ ಬಿಡೇ, ಅವಳೇನು ನಮ್ಮನೆಯವಳಲ್ವಾ, ನೋಡು ಗುನ್ವೊರ್, ಆರಿಸೋ ಗುಂಡಿ, ಬಕಲ್ ಎಲ್ಲಾ ಸೇರಿಸಿ ಹೊಲ್ದಿದೀನಿ, ಎತ್ತು ಎಳೆದ್ರೂ ಕಿತ್ಕೊಂಡ್ ಬರಲ್ಲ. ನಾನು ನಕ್ಕಿದ್ದೆ.

ಒಂದು. ಹಿಮಕ್ಕೆ ಚುಚ್ಚಿದ ಸಲಾಕೆ ಮೆತ್ತಗಿನದಕ್ಕೆ ತಾಗಿತು, ಸಲಿಕೆ, ಸಲಿಕೆ, ಸ್ಯುರ್ ಬಂದೆ ಕಣೋ, ಬಂದೆ, ಕೈ ಹಾಕಿದೆ, ಬಿಸಿ ಇದೆ, ಜೀವ ಇದೆ, ರೋಮ. ಕೆಂಪು ಪಟ್ಟಿ. ಅಯ್ಯೋ ಟಿಂಕಾ. ನೀನು ಬದುಕಿದ್ದಕ್ಕೆ ಹಾಳಾದ ನನಗೆ ಸಿಟ್ಟು ಬರುತ್ತಿದೆಯಲ್ಲೇ. ಎದ್ದಳು, ಕೊಡವಿಕೊಂಡಳು, ಮುಖ ನೆಕ್ಕುತ್ತಾಳೆ, ಹುಡುಕೇ, ಅಪ್ಪ ಎಲ್ಲಿ ಹುಡುಕೇ, ಬಾಲ ಆಡಿಸುತ್ತಾಳೆ. ಇವಳ ಪೆಟ್ಟಿಗೆಯನ್ನು ಆರಿಸಬೇಕು, ಆಗಲೇ ಅವನ ಪೆಟ್ಟಿಗೆಯ ಕೂಗು ಕೇಳುವುದು, ಗುಂಡಿ ಹೊಲಿಗೆಯೊಳಗೆ, ಬೆರಳು ಮರಗಟ್ಟಿವೆ, ಹಲ್ಲಿನಲ್ಲಿ ಕಚ್ಚಿದೆ, ದಾರ ಜಗ್ಗುವುದಿಲ್ಲ, ತಲೆಯಿಂದ ಜಾರುವುದಿಲ್ಲ, ಚಾಕು — ಚಾಕು ಅವನ ಜೇಬಿನಲ್ಲಿ. ಹೋಗೇ, ದೂರ ಹೋಗೇ, ಹಿಮ ಎತ್ತಿ ಹೊಡೆದೆ, ಆಟವೆಂದುಕೊಂಡು ಹಾರಿದಳು, ಓಡಿದೆ, ಹನ್ನೆರಡು, ಬಾಣ ತಿರುಗಿತು, ಹನ್ನೊಂದು, ಅವನೇ, ಇದು ಅವನೇ, ಒಂಬತ್ತು, ಆರು, ಮೂರು, ಹಿಂದೆ ಪುಸ್‌ಪುಸ್ ಉಸಿರು, ಒಂದು, ನನ್ನ ಮೊಣಕಾಲಿಗೆ ಒತ್ತಿಕೊಂಡು ನಿಂತಿದ್ದಾಳೆ, ಬಾಣ ತೋರಿಸಿದ್ದು ಇವಳನ್ನೇ, ಬೇಡ ಟಿಂಕಾ, ಕೈ ಮುಗಿಯುತ್ತೇನೆ ದೂರ ಹೋಗು, ಒಂದು, ಅವನು ಹಾಕಿದ ಹೊಲಿಗೆ, ಒಂದು, ಕೆಂಪು ಪಟ್ಟಿ, ಒಂದು, ಕೆಂಪು ಪಟ್ಟಿ