ಬೋರಲು ಹಾಕಿದ ಬಟ್ಟಲು

ಕಾಫಿ ಕುಡಿದು ಮುಗಿಸಿದ ಮರುಕ್ಷಣವೇ ಇಂಗೆಲಿಸ ಬಟ್ಟಲನ್ನು ಬೋರಲು ಹಾಕುತ್ತಿದ್ದಳು. ತನ್ನ ಮನೆಯಲ್ಲಾದರೆ ಸರಿ; ನಮ್ಮ ಕಾರ್ಮಿಕ ಸಂಘದ ಕಚೇರಿಯಲ್ಲಿ, ಶೈತ್ಯಾಗಾರದ ಮೇನೇಜರನ ಮೇಜಿನ ಮೇಲೆ, ಒಮ್ಮೆಯಂತೂ ಸಂಗಾತಿಯೊಬ್ಬನನ್ನು ಮಣ್ಣು ಮಾಡಿ ಬಂದ ಮೇಲೆ ಇಗರ್ಜಿಯ ಬಿಳಿ ಮೇಜುಬಟ್ಟೆಯ ಮೇಲೆ. ಪಾದ್ರಿಯ ಹೆಂಡತಿ ಕಂದು ಉಂಗುರವನ್ನು ಕಂಡು ಕಣ್ಣು ಕೆಕ್ಕರಿಸಿದರೆ ಇವಳು ಆ ಕಡೆ ತಿರುಗಲೂ ಇಲ್ಲ. ಅವಳ ತಾಯಿ ಎಸ್ಬಿಯೆರ್ ಬಂದರಿನಲ್ಲಿ ಹೆರಿಂಗ್ ಮೀನಿನ ಪೀಪಾಯಿ ತೊಳೆಯುತ್ತಿದ್ದವಳು. "ನಿನ್ನೆ ಮೀನಿನ ನಾತ ಇವತ್ತಿನ ಮೀನಿಗೆ ತಾಗಬಾರದು, ವಿಗೋ" ಎನ್ನುತ್ತಿದ್ದಳು ಇಂಗೆಲಿಸ ನನಗೆ, ಅಷ್ಟೂ ಪೀಪಾಯಿಗಳನ್ನು ತಾನೇ ತೊಳೆದವಳಂತೆ.

ಹಡಗುಕಟ್ಟೆಯ ಪಡುವಣ ಗಾಳಿಗೆ ಹೆಗಲು ಕೊಟ್ಟು ನಡೆದು ನಡೆದು, ನಾಲ್ಕು ಗೋಡೆಗಳ ನಡುವೆಯೂ ಅವಳು ಎಡಕ್ಕೆ ವಾಲಿಯೇ ನಡೆಯುತ್ತಿದ್ದಳು. ಮೈಮೇಲೆ, ಅಣುಸ್ಥಾವರದ ವಿರುದ್ಧ ನಾವು ಮೂರು ದಿನ ನಡೆದಾಗ ತೊಟ್ಟಿದ್ದ ಅದೇ ಹಸಿರು ಮಳೆಯಂಗಿ. ಆ ನಡಿಗೆಯಲ್ಲಿ ನಾನು ಘೋಷಣೆ ಕೂಗಿಸುವವನು. ಘೋಷಣೆಯಲ್ಲಿ ಅಂಕಿ ಒಂದು ತಪ್ಪಿದ್ದರೂ ಇವಳು ತುಟಿ ಬಿಗಿದುಕೊಂಡು ನಡೆಯುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ನಾವು ದುಡಿಯುವ ಮೀನಿನ ಶೈತ್ಯಾಗಾರದ ಬಾಗಿಲು, ಲಿಫ್ಟು, ಹೊಗೆ ಎದ್ದರೆ ಬಾರಿಸುವ ಗಂಟೆ, ಎಲ್ಲವೂ ತಮಗೇನಾಯಿತೆಂದು ಕ್ಷಣಕ್ಷಣಕ್ಕೂ ಒಂದು ಕಂಪ್ಯೂಟರಿಗೆ ಸುದ್ದಿ ಕಳಿಸುತ್ತವೆ. ಆ ಸುದ್ದಿಯನ್ನು ಹೇಗೆ ಬರೆದಿಡಬೇಕು, ಯಾರ ಹೆಸರಿನ ಮುಂದೆ ಬರೆದಿಡಬೇಕು ಎಂದು ಕಂಪ್ಯೂಟರಿಗೆ ಹೇಳುವ ಸ್ಕ್ರಿಪ್ಟು ಇಂಗೆಲಿಸಳದು. ಹೆಸರನ್ನು ಹಿಡಿದಿಡುವ ಜಾಗಕ್ಕೆ ವೇರಿಯೇಬಲ್ ಎನ್ನುತ್ತಿದ್ದಳು. "ಅದೊಂದು ಬಟ್ಟಲು ಅಷ್ಟೇ ಮಾರಾಯ. ಕಾರ್ಡು ಉಜ್ಜಿದವನ ಹೆಸರು ಅದರಲ್ಲಿ ಬೀಳುತ್ತೆ, ಅಲ್ಲಿಂದ ಲಾಗಿನ, ಅಂದ್ರೆ ದಾಖಲೆಪುಸ್ತಕದ, ಸಾಲಿಗೆ ಹೋಗುತ್ತೆ." ಸಂಘದ ಪ್ರತಿನಿಧಿಯಾಗಿದ್ದ ನಾನು ಆ ಲಾಗನ್ನು ಮಾಲೀಕರ ಚಾಡಿಪುಸ್ತಕ ಎನ್ನುತ್ತಿದ್ದೆ.

ಒಂದು ಮಾರ್ಚ್ ತಿಂಗಳ ಭಾನುವಾರ ಮೂರನೇ ಬಾಗಿಲು ಹಾರುಹೊಡೆದು ನಿಂತು, ಮೂವತ್ತು ಟನ್ ಮೀನು ಕರಗಿ ಕೊಳೆಯಿತು. ಲಾಗಿನಲ್ಲಿ ಒಂದೇ ಸಾಲು: ನಾಲ್ಕು ಇಪ್ಪತ್ತು, ಮೂರನೇ ಬಾಗಿಲು ತೆರೆಯಿತು, ಉಲ್ರಿಕ್. ಹತ್ತೊಂಬತ್ತು ವರ್ಷದಿಂದ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದ ಉಲ್ರಿಕ್‌ನನ್ನು ಬರುವ ಗುರುವಾರದ ಸಭೆಯಲ್ಲಿ ಕೆಲಸದಿಂದ ತೆಗೆಯುವುದೆಂದು ತೀರ್ಮಾನವಾಯಿತು. ಅವನನ್ನು ಎಳೆದುಕೊಂಡೇ ನಾನು ಇಂಗೆಲಿಸಳ ಕೋಣೆಗೆ ನುಗ್ಗಿದೆ.

"ಸುಳ್ಳು ಬರೆದಿದೆ ನಿನ್ನ ಡಬ್ಬ."

"ಅದು ಸುಳ್ಳು ಬರೆಯಲ್ಲ. ಸುಳ್ಳು ಬರೆಯೋದು ನಿಮ್ಮ ಕರಪತ್ರ."

"ನಾನು ನಾಲ್ಕಕ್ಕೇ ಕಾರ್ಡು ಉಜ್ಜಿ ಹೊರಟೆ ಕಣೇ," ಎಂದ ಉಲ್ರಿಕ್. "ನಾಲ್ಕು ಇಪ್ಪತ್ತಕ್ಕೆ ಅತ್ತೆ ಮನೇಲಿ ಒಣಕಲು ಕೇಕು ನುಂಗ್ತಿದ್ದೆ. ಜನ್ಮದಲ್ಲಿ ನನ್ನ ಪರ ಮಾತಾಡದ ಮುದುಕಿ, ಇವತ್ತು ಆಣೆ ಇಡೋಕೂ ರೆಡಿ ಇದಾಳೆ. ಮೇನೇಜರ್ ಕೇಳಬೇಕಲ್ಲ!"

ಇಂಗೆಲಿಸ ಪರದೆಯ ಕಡೆ ತಿರುಗಿದಳು. ಎಲ್ಲರೂ ನೋಡಿದ್ದ ಆ ಒಂದು ಸಾಲನ್ನು ಬಿಟ್ಟು, ಯಾರೂ ನೋಡದಿದ್ದ ಇಡೀ ಭಾನುವಾರವನ್ನು ತೆರೆದಳು. ಪರದೆಯ ಮೇಲೆ ಇಳಿಯುತ್ತಿದ್ದ ಬೆರಳು ನಿಂತಿತು.

"ಹೊಗೆ ಗಂಟೆ ತನ್ನಷ್ಟಕ್ಕೆ ತಾನು ಪರೀಕ್ಷೆ ಮಾಡ್ಕೊಳ್ಳೋದು ಐದಕ್ಕೆ. ಅಲ್ಲೂ ನಿನ್ನ ಹೆಸರಿದೆ. ಲಿಫ್ಟಿನ ದೀಪ ಆರಿದ್ದಕ್ಕೂ ನೀನೇ. ಸೋಮವಾರ ಬೆಳಗಿನ ತನಕ ಈ ಕಟ್ಟಡದಲ್ಲಿ ಕೆಮ್ಮಿದ್ದೆಲ್ಲ ಉಲ್ರಿಕ್."

"ಗಾಳೀನೂ ನಾನೇನಾ?"

"ಗಾಳೀನೂ ನೀನೇ."

ಸ್ಕ್ರಿಪ್ಟು ತೆರೆದಳು. ಕಾರ್ಡು ಉಜ್ಜಿದಾಗ ಸುದ್ದಿಯೊಡನೆ ಹೆಸರು ಬರುತ್ತದೆ. ಅಗುಳಿ ಸವೆದ ಬಾಗಿಲು ತಾನಾಗಿ ತೆರೆದುಕೊಂಡಾಗ ಬರುವುದಿಲ್ಲ. ಪ್ರತಿ ಸುದ್ದಿಗೂ ಮೊದಲು ಬಟ್ಟಲನ್ನು ಖಾಲಿ ಮಾಡಬೇಕಿತ್ತು, ಮಾಡಿರಲಿಲ್ಲ. ಹಿಂದಿನವನ ಹೆಸರು ತಳದಲ್ಲಿ ಹಾಗೇ ಉಳಿದು ಮುಂದಿನ ಸಾಲಿಗೂ ಸುರಿಯುತ್ತಿತ್ತು. ವಾರದ ದಿನಗಳಲ್ಲಿ ನಿಮಿಷಕ್ಕೊಬ್ಬರು ಕಾರ್ಡು ಉಜ್ಜುವುದರಿಂದ ತಪ್ಪು ಕಣ್ಣಿಗೆ ಬೀಳುತ್ತಿರಲಿಲ್ಲ. ಹನ್ನೊಂದು ವರ್ಷದ ಹಿಂದೆ ಅವಳೇ ಬರೆದದ್ದು.

"ಊರೆಲ್ಲಾ ಬಟ್ಟಲು ಬೋರಲು ಹಾಕ್ಕೊಂಡು ಬರ್ತೀಯ, ಇಲ್ಲಿ ಮಾತ್ರ ಮರೆತ್ಯಾ?" ಎಂದು ಕುಟುಕಿದೆ.

"ಹೂಂ, ಮರೆತೆ," ಎಂದಳು. ಕುರ್ಚಿ ಎಳೆದುಕೊಂಡು ಎರಡು ಸಾಲು ಸೇರಿಸಿದಳು: ಮೊದಲು ಖಾಲಿ ಮಾಡು; ಹೆಸರು ಬಾರದಿದ್ದರೆ 'ಗೊತ್ತಿಲ್ಲ' ಎಂದು ಬರೆ.

ಗುರುವಾರದ ಸಭೆಯಲ್ಲಿ ಮೇನೇಜರ್ ಸ್ಟೀನ್ ಉದಾರಿಯಾದ. "ಯಂತ್ರದ ದೋಷ ಅಂತ ಬರೆದುಬಿಡೋಣ, ಇಂಗೆಲಿಸ. ಉಲ್ರಿಕ್ ಉಳೀತಾನೆ, ನಿನಗೂ ತೊಂದರೆ ಇಲ್ಲ."

"ಯಂತ್ರ ನಾನು ಹೇಳಿದ್ದನ್ನೇ ಮಾಡಿದೆ. ನನ್ನ ಹೆಸರು ಬರಿ. ಆಮೇಲೆ, ಹನ್ನೊಂದು ವರ್ಷದ ಲಾಗೂ ಬೇಕು ನನಗೆ. ಇವನೇ ಮೊದಲನೆಯವನಾ ಅಂತ ನೋಡ್ಬೇಕು."

ಮೊದಲನೆಯವನಾಗಿರಲಿಲ್ಲ. ಏಳು ವರ್ಷದ ಹಿಂದೆ ಇಂಥದೇ ಒಂದು ಸಾಲಿಗೆ ಪ್ಯಾಕಿಂಗಿನ ಬಿರ್ತೆ ಕೆಲಸ ಕಳೆದುಕೊಂಡಿದ್ದಳು. ಆಗಲೂ ಸಂಘದ ಪ್ರತಿನಿಧಿ ನಾನೇ. ಚಾಡಿಪುಸ್ತಕ ಎಂದು ಬೀದಿಯಲ್ಲಿ ಕೂಗುತ್ತಿದ್ದವನು ಅವತ್ತು ಅದೇ ಪುಸ್ತಕವನ್ನು ನಂಬಿ, "ಒಪ್ಪಿಕೊಂಡು ಹೋಗಿಬಿಡು" ಎಂದು ಬಿರ್ತೆಗೆ ಬುದ್ಧಿ ಹೇಳಿದ್ದೆ.

ಶನಿವಾರ ಇಂಗೆಲಿಸಳ ಸೈಕಲ್ಲಿನ ಹಿಂದೆ ನನ್ನ ಸೈಕಲ್ಲೂ ಹೋಯಿತು. ಬಿರ್ತೆ ನಮ್ಮನ್ನು ಅಡುಗೆಮನೆಯಲ್ಲಿ ಕೂರಿಸಿ ಕಾಫಿ ಸುರಿದಳು.

"ನೀನು ಬಾಗಿಲು ತೆಗೆದಿರಲಿಲ್ಲ. ತಪ್ಪು ನನ್ನದು. ಬರೆದು, ಸಹಿ ಹಾಕಿ ತಂದಿದೀನಿ. ಒಂದು ಪ್ರತಿ ಸ್ಟೀನ್‌ಗೂ ಕೊಟ್ಟಿದೀನಿ," ಎಂದಳು ಇಂಗೆಲಿಸ. ಅಳಲಿಲ್ಲ, ಕ್ಷಮೆಗೆ ಕೈಯೊಡ್ಡಲಿಲ್ಲ.

ಬಿರ್ತೆ ಕಾಗದವನ್ನು ಎರಡು ಸಲ ಓದಿದಳು. ಆಮೇಲೆ ನನ್ನ ಕಡೆ ತಿರುಗಿದಳು. "ನೀನೇನು ಬರೆದು ತಂದಿದೀಯ, ವಿಗೋ?"

ನಾನು ಏನೂ ತಂದಿರಲಿಲ್ಲ. ಇಂಗೆಲಿಸ ಮಳೆಯಂಗಿಯ ಜೇಬಿನಿಂದ ಒಂದು ಖಾಲಿ ಹಾಳೆ, ಒಂದು ಪೆನ್ನು ತೆಗೆದು ನನ್ನ ಮುಂದಿಟ್ಟಳು. ಕುಡಿದು ಮುಗಿದ ಬಟ್ಟಲನ್ನು ಬೋರಲು ಹಾಕಲು ಕೈಯೆತ್ತಿದಾಗ, ಬಿರ್ತೆ ಅದರ ಕೆಳಗೆ ಹಳೆಯ ಪತ್ರಿಕೆಯೊಂದನ್ನು ಸರಿಸಿದಳು.

ಇಂಗೆಲಿಸಳಂಥವರು ಮೆರವಣಿಗೆಯ ಮುಂಭಾಗದಲ್ಲಿ ಕಾಣಸಿಗುವುದಿಲ್ಲ, ಇವರ ಬಾಯಿಗೆ ಮೈಕು ಹಿಡಿದರೆ ಜನ ಎದ್ದು ಹೋಗುತ್ತಾರೆ. ಕೂಗುವ ನನ್ನಂಥವರ ನಾಲಿಗೆಯ ಮೇಲೆ ಯಾವಾಗಲೂ ಒಂದು ಹೆಸರು ಅಂಟಿಕೊಂಡಿರುತ್ತದೆ. ಮುಂದಿನ ತಪ್ಪು ಯಾರದ್ದಾದರೂ ಅದೇ ಹೆಸರು ಹೊರಗೆ ಬೀಳುತ್ತದೆ. ಗೊತ್ತಿಲ್ಲದ ಕಡೆ ಗೊತ್ತಿಲ್ಲ ಎಂದು, ತನ್ನದಾದ ಕಡೆ ತನ್ನದು ಎಂದು ಬರೆಯುವ ಇಂಥವರು ಊರಿಗೊಬ್ಬರಿದ್ದರೆ ಸಾಕು, ನ್ಯಾಯ ನಡೆಯುತ್ತದೆ. ಅವತ್ತು ಆ ಹಾಳೆಯ ಮೇಲೆ ನನ್ನ ಹೆಸರು ಬರೆಯಲು ನನಗೆ ಅರ್ಧ ಗಂಟೆ ಹಿಡಿಯಿತು, ಇಂಗೆಲಿಸ ಕಾದಳು.